ಸೀಟು ಸಿಕ್ಕ ಮೇಲೆ ಕೈ ಹಿಡಿಯುವವರು ಯಾರು?

ಪಿಯುಸಿ ಫಲಿತಾಂಶ ಬಂದಿತೆಂದರೆ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಕಾಲೇಜುಗಳ ಸುಗ್ಗಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕಾಲೇಜು ಕಚೇರಿಗಳ ಮುಂದೆ ಸಾಲು ನಿಲ್ಲುತ್ತದೆ. ಕೈಯಲ್ಲಿ ಅಂಕಪಟ್ಟಿಯ ಪ್ಲಾಸ್ಟಿಕ್ ಕವರು, ಪಕ್ಕದಲ್ಲಿ ಅಪ್ಪನೋ ಸೋದರಮಾವನೋ. ಕಾಮಾಕ್ಷಿಪಾಳ್ಯದ ಲೇತ್ ಶಾಪಿನಲ್ಲಿ ದುಡಿಯುವವರ ಮಕ್ಕಳು, ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಮಕ್ಕಳು, ಮಾಗಡಿ ರಸ್ತೆಯ ಬಸ್ಸು ಹತ್ತಿ ಬರುವ ಹಳ್ಳಿ ಹುಡುಗರು, ರಾಮನಗರ-ಬಿಡದಿ ಕಡೆಯಿಂದ ಕೆಂಗೇರಿಗೆ ರೈಲಿನಲ್ಲಿ ಬಂದಿಳಿಯುವ ಹುಡುಗಿಯರು. ಇವರಲ್ಲಿ ಬಹಳ ಮಂದಿಯ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತುತ್ತಿರುವುದು ಇದೇ ಮೊದಲು. ಸೀಟು ಸಿಕ್ಕ ದಿನ ಮನೆಯಲ್ಲಿ ಪಾಯಸ. ಓಣಿಯಲ್ಲೆಲ್ಲ ಅದೇ ಮಾತು.

ದಸರಾ ರಜೆ ಮುಗಿಯುವ ಹೊತ್ತಿಗೆ ಇನ್ನೊಂದು ಕಥೆ ನಡೆಯುತ್ತದೆ. ಅದಕ್ಕೆ ಪಾಯಸವೂ ಇಲ್ಲ, ಸುದ್ದಿಯೂ ಇಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಗೈರು ಗುರುತುಗಳು ಒಂದರ ಹಿಂದೊಂದು ಬೀಳತೊಡಗುತ್ತವೆ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಉಳಿಯುತ್ತದೆ, ಎರಡನೆಯದರಲ್ಲಿ ನಾಲ್ಕಾಗುತ್ತದೆ. ಆಮೇಲೊಂದು ದಿನ ಆ ಹುಡುಗ ಕಾಲೇಜಿಗೆ ಬರುವುದನ್ನೇ ಬಿಡುತ್ತಾನೆ. ಅವನು ಬಿಟ್ಟನೆಂಬುದು ಕಾಲೇಜಿಗೆ ಗೊತ್ತಾಗುವುದು ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ.

ಸೀಟು ಹಂಚುವುದರಲ್ಲಿ ನ್ಯಾಯ ಬೇಕೆಂದು ಕರ್ನಾಟಕ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಯೋಚಿಸಿದೆ. ಕಾಯಿದೆ, ಆಯೋಗ, ಕೋಟಾ ಎಲ್ಲವೂ ಬಂದಿವೆ, ಅವುಗಳಿಂದ ಲಕ್ಷಾಂತರ ಮನೆಗಳಲ್ಲಿ ದೀಪ ಹತ್ತಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸೀಟು ಸಿಕ್ಕವರೆಲ್ಲ ಪದವಿಯವರೆಗೆ ತಲುಪಲು ಇನ್ನೊಂದು ಬೇಕು. ಅದು ಒಬ್ಬ ಮನುಷ್ಯ. ನಿನ್ನೆ ಯಾಕೆ ಬರಲಿಲ್ಲ ಎಂದು ತಾನಾಗಿ ಕೇಳುವ ಮನುಷ್ಯ. ಇಂಗ್ಲಿಷಿನಲ್ಲಿ ಇಂಥವರನ್ನು ಮೆಂಟರ್ ಎನ್ನುತ್ತಾರೆ. ನಮ್ಮಲ್ಲಿ ಹಿಂದೆ ಗುರು ಇರಬೇಕು, ಮುಂದೆ ಗುರಿ ಇರಬೇಕು ಎನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಮುಂದಿನ ಗುರಿಯೇನೋ ಈಗ ಎಲ್ಲ ಮಕ್ಕಳಿಗೂ ಕಾಣುತ್ತಿದೆ. ಹಿಂದಿನ ಗುರು ಮಾತ್ರ ಎಲ್ಲರಿಗೂ ಸಿಕ್ಕುತ್ತಿಲ್ಲ.

ಕೋಲಾರದ ಇಬ್ಬರು ಹುಡುಗರು

ಪ್ರತಿಭೆ ಇದ್ದರೆ ಯಾರ ಕೈಯೂ ಬೇಕಿಲ್ಲ ಎನ್ನುವವರು ಉದಾಹರಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳುವುದುಂಟು. ಅಂದಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯ ಆ ಹುಡುಗ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡಿದ್ದ. ಬೆಂಗಳೂರಿಗೆ ಬಂದು ಸೋದರಮಾವನ ಆಸರೆ ಪಡೆದ. ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಖರ್ಚನ್ನು ಸರಿದೂಗಿಸಿಕೊಂಡ. ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಅವನನ್ನು ಗುರುತಿಸಿ ವಿಶೇಷ ಆಸ್ಥೆ ತೋರಿದರು. 1881ರಲ್ಲಿ ಬಿ.ಎ. ಆಯಿತು. ಮುಂದೆ ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಅಸಾಧಾರಣ ಪ್ರತಿಭೆ ನಿಜ. ಆದರೆ ಆ ಪ್ರತಿಭೆಗೆ ತಂಗಲು ಒಂದು ಮನೆ, ಗುರುತಿಸುವ ಒಬ್ಬ ಗುರು, ಸರ್ಕಾರದ ಒಂದು ವೇತನ ಮೂರೂ ಕೂಡಿಬಂದವು.

ಅದೇ ಜಿಲ್ಲೆಯ ಇನ್ನೊಬ್ಬ ಹುಡುಗನ ಕಥೆಯೂ ಹೆಚ್ಚು ಬೇರೆಯಲ್ಲ. ಗೌರಿಬಿದನೂರು ತಾಲ್ಲೂಕು ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಕಡುಬಡತನದ ಮನೆಯವರು. ಹಳ್ಳಿಯ ಶಾಲೆ ಮುಗಿದ ಮೇಲೆ ಓದು ನಿಂತಿತ್ತು. ಅಲ್ಲಿ ಪಾಠ ಹೇಳಿದ್ದ ಮುಖ್ಯೋಪಾಧ್ಯಾಯರು ಬೆಂಗಳೂರಿಗೆ ಬಂದ ಮೇಲೂ ಹುಡುಗನನ್ನು ಮರೆಯಲಿಲ್ಲ. ಬಾ, ಓದು ಮುಂದುವರಿಸು ಎಂದು ಕರೆದರು. ಬಸ್ಸಿಗೆ ಕಾಸಿಲ್ಲದ ಹುಡುಗ 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. ಮುಂದೆ ಅವರು ಭೌತಶಾಸ್ತ್ರದ ಅಧ್ಯಾಪಕರಾದರು, ಅಮೆರಿಕದ ಓಹಿಯೋದಲ್ಲಿ ಪಿಎಚ್.ಡಿ. ಪಡೆದರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ನಾಗರಬಾವಿ-ಕೆಂಗೇರಿಗಳ ನಡುವೆ ಹರಡಿರುವ ಜ್ಞಾನಭಾರತಿಗೆ ವಿಶ್ವವಿದ್ಯಾನಿಲಯ ಕಾಲಿಟ್ಟದ್ದು ಅವರ ಕಾಲದಲ್ಲೇ. ಇಷ್ಟಾದರೂ 2005ರಲ್ಲಿ ತೀರಿಕೊಳ್ಳುವವರೆಗೂ ಅವರ ಮನೆ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆ. ಹುಡುಗರು ಇರುವಲ್ಲೇ ಮೇಷ್ಟರೂ ಇರಬೇಕೆಂಬುದಕ್ಕೆ ಅದಕ್ಕಿಂತ ದೊಡ್ಡ ಭಾಷಣ ಬೇಕಿಲ್ಲ.

ಎರಡೂ ಕಥೆಗಳಲ್ಲಿ ಗಮನಿಸಬೇಕಾದದ್ದು ಒಂದುಂಟು. ಗುರುತಿಸಿದವರು, ಕರೆದವರು ಗುರುಗಳು. ಹುಡುಗ ಹೋಗಿ ಬಾಗಿಲು ತಟ್ಟಲಿ ಎಂದು ಅವರು ಕಾಯಲಿಲ್ಲ.

ವಾರಾನ್ನದಿಂದ ಹಾಸ್ಟೆಲಿಗೆ

ಹಿಂದಿನ ಕಾಲದ ಬಡ ವಿದ್ಯಾರ್ಥಿಗಳನ್ನು ಸಲಹಿದ್ದು ವಾರಾನ್ನ. ವಾರದ ಏಳು ದಿನಕ್ಕೆ ಏಳು ಮನೆ. ಸೋಮವಾರ ಒಬ್ಬರಲ್ಲಿ ಊಟ, ಮಂಗಳವಾರ ಇನ್ನೊಬ್ಬರಲ್ಲಿ. ಊಟದ ಜೊತೆ ಒಂದು ವಿಚಾರಣೆಯೂ ಇರುತ್ತಿತ್ತು: ಪರೀಕ್ಷೆ ಹೇಗಾಯಿತು, ಜ್ವರ ಬಿಟ್ಟಿತೇ, ಊರಿನಿಂದ ಕಾಗದ ಬಂತೇ? ಆದರೆ ಜಾತಿಯ ಕಟ್ಟುಪಾಡಿನ ದಿನಗಳಲ್ಲಿ ಆ ಅಡಿಗೆಮನೆಗಳ ಬಾಗಿಲು ಎಲ್ಲ ಹುಡುಗರಿಗೂ ತೆರೆಯಲಿಲ್ಲ. ಅನ್ನವೂ ವಿಚಾರಣೆಯೂ ಕೆಲವರ ಪಾಲಿಗಷ್ಟೇ ಇತ್ತು.

ಈ ಕೊರತೆ ತುಂಬಲು ಉಚಿತ ವಿದ್ಯಾರ್ಥಿನಿಲಯಗಳು ಹುಟ್ಟಿಕೊಂಡವು. ಬೆಂಗಳೂರು ರೈಲು ನಿಲ್ದಾಣದ ಬಳಿ ಕಳೆದ ಶತಮಾನದ ಆರಂಭದಲ್ಲಿ ಗುಬ್ಬಿ ತೋಟದಪ್ಪನವರು ಕಟ್ಟಿದ ಛತ್ರ ಮತ್ತು ವಿದ್ಯಾರ್ಥಿನಿಲಯ ಅಂಥದೊಂದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಅನ್ನ ಉಂಡು ಅಕ್ಷರ ಕಲಿತರು. ಒಂದೊಂದು ಸಮುದಾಯವೂ ತನ್ನ ಮಕ್ಕಳಿಗಾಗಿ ಹಾಸ್ಟೆಲು ಕಟ್ಟಿಕೊಂಡಿತು.

ಸರ್ಕಾರವೂ ಸುಮ್ಮನಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು, ಓದಿಗೆ ವಿಶೇಷ ಸೌಲಭ್ಯ ಕೊಡಬೇಕೆಂಬ ಅದರ ಸಲಹೆ 1921ರಲ್ಲಿ ಆಜ್ಞೆಯಾಯಿತು. ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಿರಲಿಲ್ಲ. ಅವರು ದಿವಾನಗಿರಿ ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ. ದೇವರಾಜ ಅರಸರ ಕಾಲದಲ್ಲಿ, 1972ರಲ್ಲಿ ನೇಮಕವಾದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. 1994ರಲ್ಲಿ ಸಿಇಟಿ ಬಂದು ವೃತ್ತಿಶಿಕ್ಷಣದ ಸೀಟುಗಳು ಒಂದೇ ಪಟ್ಟಿಯಿಂದ ಹಂಚಿಕೆಯಾಗತೊಡಗಿದವು. ಅದರಲ್ಲಿ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟುಗಳ ಮೀಸಲಾತಿಯೂ ಸೇರಿತು. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ-ವಸತಿಗೆಂದು 2013ರಲ್ಲಿ ‘ವಿದ್ಯಾಸಿರಿ’ ಬಂತು. ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. 2023ರ ಜೂನಿನಿಂದ ‘ಶಕ್ತಿ’ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು.

ಬಾಗಿಲುಗಳು ಒಂದೊಂದಾಗಿ ತೆರೆದಿವೆ. ಒಳಗೆ ಬಂದವರು ಎಲ್ಲಿ ಎಡವುತ್ತಾರೆ?

ಜಡತ್ವ ಎಲ್ಲಿಗೆ ಹೋಯಿತು?

ಮೊದಲ ಎಡವುಗಲ್ಲು ಭಾಷೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿಯೊಬ್ಬಳು ವಿಜ್ಞಾನ ತೆಗೆದುಕೊಂಡಳೆಂದು ಇಟ್ಟುಕೊಳ್ಳೋಣ. ಆಕೆಗೆ ಜಡತ್ವ ಗೊತ್ತು, ವೇಗೋತ್ಕರ್ಷ ಗೊತ್ತು, ದ್ಯುತಿಸಂಶ್ಲೇಷಣೆಯ ಚಿತ್ರ ಬರೆದು ಭಾಗಗಳನ್ನು ಗುರುತಿಸಲೂ ಗೊತ್ತು. ಪಿಯುಸಿ ತರಗತಿಯ ಮೊದಲ ದಿನ ಕಪ್ಪು ಹಲಗೆಯ ಮೇಲೆ ಇನರ್ಷಿಯ, ಅಕ್ಸಲರೇಷನ್, ಫೋಟೋಸಿಂತೆಸಿಸ್. ಗೊತ್ತಿರುವುದೇ ವೇಷ ಬದಲಿಸಿಕೊಂಡು ಬಂದಿದೆ ಎಂದು ಆಕೆಗೆ ಯಾರೂ ಹೇಳುವುದಿಲ್ಲ. ತನಗೆ ಏನೂ ಗೊತ್ತಿಲ್ಲವೆಂದು ಆಕೆ ತಿಳಿಯುತ್ತಾಳೆ. ಪಕ್ಕದಲ್ಲಿ ಕುಳಿತವಳು ಇಂಗ್ಲಿಷ್ ಮಾಧ್ಯಮದವಳು, ಪಟಪಟನೆ ಉತ್ತರ ಹೇಳುತ್ತಾಳೆ. ಪ್ರಶ್ನೆ ಕೇಳಬೇಕೆಂದರೆ ಇಂಗ್ಲಿಷಿನಲ್ಲಿ ಕೇಳಬೇಕು. ಕೇಳಿದರೆ ನಗುತ್ತಾರೆಂಬ ಭಯ. ಹೀಗೆ ಕೊನೆಯ ಬೆಂಚು ಆಕೆಯ ಖಾಯಂ ಜಾಗವಾಗುತ್ತದೆ.

ಇದು ಬುದ್ಧಿಯ ಕೊರತೆಯಲ್ಲ, ಪದಗಳ ಕೊರತೆ. ಒಂದು ವಿಷಯಕ್ಕೆ ಇನ್ನೂರು ಮುನ್ನೂರು ಪಾರಿಭಾಷಿಕ ಪದಗಳ ಕನ್ನಡ-ಇಂಗ್ಲಿಷ್ ಪಟ್ಟಿ ಮಾಡಿ ಮೊದಲ ತಿಂಗಳಲ್ಲೇ ಕೈಗಿತ್ತರೆ, ವಾರಕ್ಕೆ ಎರಡು ಗಂಟೆ ಕನ್ನಡದಲ್ಲೇ ಚರ್ಚಿಸಿ ಇಂಗ್ಲಿಷಿನಲ್ಲಿ ಬರೆಯಿಸಿದರೆ, ಅರ್ಧ ಭಯ ಕಳೆಯುತ್ತದೆ. ಅದನ್ನು ಮಾಡಲು ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಆ ಹುಡುಗಿ ಕನ್ನಡ ಮಾಧ್ಯಮದಿಂದ ಬಂದವಳೆಂದು ಯಾರಾದರೂ ಗಮನಿಸುವುದು.

ಎರಡನೆಯ ಎಡವುಗಲ್ಲು ಕಾಗದಪತ್ರ. ವಿದ್ಯಾರ್ಥಿವೇತನ ಇದೆ ಎಂಬುದು ಗೊತ್ತಿದ್ದರೂ ಅದು ಕೈಗೆ ಬರಲು ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಹೆಸರಿನ ಒಂದೇ ಕಾಗುಣಿತ, ಗಡುವಿನೊಳಗೆ ಅರ್ಜಿ ಎಲ್ಲವೂ ಸರಿಹೊಂದಬೇಕು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೆ ಅಷ್ಟಕ್ಕೇ ಅಲೆದಾಟ. ಕಚೇರಿಯಲ್ಲಿ ಕೆಲಸ ಮಾಡುವ ತಂದೆಯಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸಕ್ಕೆ ದಿನಗೂಲಿಯ ತಂದೆ ಮೂರು ದಿನದ ಕೂಲಿ ಕಳೆದುಕೊಳ್ಳಬೇಕು.

ಸಣ್ಣ ಮೊತ್ತ, ಸಣ್ಣ ಗಡುವು ಎಷ್ಟು ದೊಡ್ಡ ಗೋಡೆಯಾಗಬಲ್ಲದು ಎಂಬುದು 2024ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಉತ್ತರ ಪ್ರದೇಶದ ದಲಿತ ಕೂಲಿಕಾರರೊಬ್ಬರ ಮಗನಿಗೆ ಧನಬಾದಿನ ಐಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಸೀಟು ಉಳಿಸಿಕೊಳ್ಳಲು ಕಟ್ಟಬೇಕಿದ್ದದ್ದು 17,500 ರೂಪಾಯಿ. ಊರವರೆಲ್ಲ ಸೇರಿ ಹಣ ಹೊಂದಿಸುವಷ್ಟರಲ್ಲಿ ಜೂನ್ 24ರ ಸಂಜೆ ಐದು ಗಂಟೆಯ ಗಡುವು ಮೀರಿಹೋಯಿತು. ಕೊನೆಗೆ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟು ತನ್ನ ವಿಶೇಷಾಧಿಕಾರ ಬಳಸಿ ಸೀಟು ಕೊಡಿಸಿತು. ಆ ಹುಡುಗ ದೆಹಲಿಯವರೆಗೆ ಹೋದ. ಇನ್ನೆಷ್ಟು ಮಕ್ಕಳು ಪರೀಕ್ಷಾ ಶುಲ್ಕದ ಕಿಟಕಿಯಿಂದಲೇ ಮನೆಗೆ ಹಿಂದಿರುಗಿರಬಹುದು!

ಮೂರನೆಯದು ಹೊತ್ತು. ಪರೀಕ್ಷೆಗೆ ಕೂರಲು ಶೇ. 75ರಷ್ಟು ಹಾಜರಾತಿ ಬೇಕು. ರಾತ್ರಿ ಹತ್ತರವರೆಗೆ ಅಂಗಡಿಯಲ್ಲಿ ನಿಂತೋ, ಬೈಕಿನಲ್ಲಿ ಊಟದ ಪೊಟ್ಟಣ ಹಂಚಿಯೋ ಮನೆಗೆ ನಾಲ್ಕು ಕಾಸು ಕೊಡುವ ಹುಡುಗ ಬೆಳಗಿನ ಮೊದಲ ತರಗತಿ ತಪ್ಪಿಸುತ್ತಾನೆ. ಹಾಜರಿ ಪುಸ್ತಕ ಅವನನ್ನು ಸೋಮಾರಿಯೆಂದೇ ದಾಖಲಿಸುತ್ತದೆ.

ಬರ್ಕ್ಲಿಯಲ್ಲಿ ಕಂಡ ಸತ್ಯ

ಇಂಥ ಕಷ್ಟ ನಮ್ಮಲ್ಲಿ ಮಾತ್ರ ಇಲ್ಲ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತದ ವಿದ್ವಾಂಸರಿಗೆ ಒಂದು ಪ್ರಶ್ನೆ ಕಾಡಿತು. ಕ್ಯಾಲ್ಕುಲಸ್‌ನಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಹೆಚ್ಚಾಗಿ ನಪಾಸಾಗುವುದೇಕೆ? ಸಹೋದ್ಯೋಗಿಗಳನ್ನು ಕೇಳಿದರೆ ಆಸಕ್ತಿ ಸಾಲದು, ತಳಪಾಯ ಸರಿಯಿಲ್ಲ, ಮನೆಯ ಬೆಂಬಲವಿಲ್ಲ ಎಂಬ ಉತ್ತರಗಳು ಬಂದವು. ನಮ್ಮ ಸ್ಟಾಫ್ ರೂಮುಗಳಲ್ಲೂ ಇವೇ ಮಾತುಗಳು ಕೇಳುತ್ತವಲ್ಲವೇ?

ಟ್ರೈಸ್‌ಮನ್ ಆ ಮಾತುಗಳನ್ನು ನಂಬಿ ಕೂರದೆ, ಇಪ್ಪತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಮತ್ತು ಇಪ್ಪತ್ತು ಮಂದಿ ಚೀನೀ ಮೂಲದ ವಿದ್ಯಾರ್ಥಿಗಳು ಓದುವ ಬಗೆಯನ್ನು ಒಂದೂವರೆ ವರ್ಷ ಹತ್ತಿರದಿಂದ ನೋಡಿದರು. ಕಪ್ಪು ವಿದ್ಯಾರ್ಥಿಗಳು ಸೋಮಾರಿಗಳಾಗಿರಲಿಲ್ಲ, ಅವರ ಮನೆಯವರು ಉದಾಸೀನರೂ ಆಗಿರಲಿಲ್ಲ. ಆದರೆ ಅವರು ಒಬ್ಬೊಬ್ಬರೇ ಕೂತು ಓದುತ್ತಿದ್ದರು. ಚೀನೀ ಮೂಲದವರು ಒಬ್ಬರೇ ಓದಿದ ಮೇಲೆ ಸಂಜೆ ಒಟ್ಟಿಗೆ ಸೇರಿ ಲೆಕ್ಕಗಳನ್ನು ತಾಳೆ ನೋಡುತ್ತಿದ್ದರು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಿದ್ದರು. ತಾನು ಎಲ್ಲಿದ್ದೇನೆ ಎಂಬುದು ಅವರಿಗೆ ಪರೀಕ್ಷೆಗೆ ಮುಂಚೆಯೇ ಗೊತ್ತಾಗುತ್ತಿತ್ತು. ಒಂಟಿಯಾಗಿ ಓದಿದವರಿಗೆ ಅದು ಗೊತ್ತಾಗುತ್ತಿದ್ದದ್ದು ಫಲಿತಾಂಶದ ದಿನ.

ಟ್ರೈಸ್‌ಮನ್ ಮುಂದೆ ಮಾಡಿದ್ದು ಇನ್ನೂ ಮುಖ್ಯ. ದಡ್ಡರಿಗೆ ವಿಶೇಷ ತರಗತಿ ಎಂಬ ಬೋರ್ಡು ಅವರು ಹಾಕಲಿಲ್ಲ. ಸಣ್ಣ ಗುಂಪುಗಳನ್ನು ಮಾಡಿ ಮಾಮೂಲಿಗಿಂತ ಕಠಿಣವಾದ ಲೆಕ್ಕಗಳನ್ನು ಕೊಟ್ಟರು. ನಿಮ್ಮಿಂದಾಗುತ್ತದೆ ಎಂದು ನಂಬಿ ಕೂರಿಸಿದರು. ಫಲಿತಾಂಶ ಗಮನಾರ್ಹವಾಗಿ ಮೇಲೇರಿತು. ಅದೇ ಮಾದರಿ ಅಮೆರಿಕದ ಹಲವು ವಿಶ್ವವಿದ್ಯಾನಿಲಯಗಳಿಗೆ ಹರಡಿತು.

ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾನಿಲಯ 2007ರಲ್ಲಿ ಇನ್ನೊಂದು ಪ್ರಯೋಗ ಶುರುಮಾಡಿತು. ಬಡ ಮನೆಗಳಿಂದ ಎರಡು ವರ್ಷದ ಕೋರ್ಸಿಗೆ ಬರುವ ವಿದ್ಯಾರ್ಥಿಗಳಿಗೆ ಶುಲ್ಕದ ಕೊರತೆ ತುಂಬಿದರು, ಪಠ್ಯಪುಸ್ತಕ ಕೊಟ್ಟರು, ನಗರದ ರೈಲು-ಬಸ್ಸಿನ ಪಾಸು ಕೊಟ್ಟರು. ಜೊತೆಗೆ 60ರಿಂದ 80 ವಿದ್ಯಾರ್ಥಿಗಳಿಗೆ ಒಬ್ಬ ಸಲಹೆಗಾರರನ್ನು ಇಟ್ಟು, ಅವರನ್ನು ಆಗಾಗ ಭೇಟಿಯಾಗುವುದನ್ನು ಕಡ್ಡಾಯ ಮಾಡಿದರು. ಚೀಟಿ ಎತ್ತಿ ಎರಡು ಗುಂಪು ಮಾಡಿ ಹೋಲಿಸಿದಾಗ, ಮೂರು ವರ್ಷದೊಳಗೆ ಪದವಿ ಮುಗಿಸಿದವರು ಈ ಸೌಲಭ್ಯವಿಲ್ಲದ ಗುಂಪಿನಲ್ಲಿ ಶೇ. 22; ಸೌಲಭ್ಯವಿದ್ದ ಗುಂಪಿನಲ್ಲಿ ಶೇ. 40. ಎಚ್. ನರಸಿಂಹಯ್ಯನವರು ಓದಿದ ಓಹಿಯೋ ರಾಜ್ಯದ ಮೂರು ಕಾಲೇಜುಗಳಲ್ಲೂ ಇದೇ ಬಗೆಯ ಫಲ ಕಂಡಿತು. ಬಸ್ ಪಾಸು, ಪುಸ್ತಕ, ಒಬ್ಬ ಮನುಷ್ಯ: ಮೂರೂ ಸೇರಿದಾಗ ಆದ ಬದಲಾವಣೆ ಇದು.

ರಿಜಿಸ್ಟರಿನೊಳಗಿನ ಗುರು

ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆ ಇರುವುದು ನಮ್ಮ ನಾಗರಬಾವಿಯಲ್ಲೇ. 1994ರಲ್ಲಿ ಹುಟ್ಟಿದ ಈ ಸಂಸ್ಥೆ 2017ರಲ್ಲಿ ಪರಿಷ್ಕರಿಸಿದ ಮಾದರಿಯಲ್ಲಿ, ಒಬ್ಬ ಮೆಂಟರಿಗೆ ಎಷ್ಟು ವಿದ್ಯಾರ್ಥಿಗಳು ಎಂಬ ಲೆಕ್ಕವನ್ನು ಕಾಲೇಜುಗಳಿಂದ ಕೇಳತೊಡಗಿತು. ಹೊಸದಾಗಿ ಸೇರಿದವರನ್ನು ಸಣ್ಣ ಗುಂಪುಗಳಲ್ಲಿ ಅಧ್ಯಾಪಕರಿಗೆ ಒಪ್ಪಿಸಿ ಕಾಲೇಜಿನ ಬದುಕಿಗೆ ಒಗ್ಗಿಸಬೇಕೆಂದು 2019ರಲ್ಲಿ ಯುಜಿಸಿ ‘ದೀಕ್ಷಾರಂಭ’ ಎಂಬ ಕೈಪಿಡಿಯನ್ನೂ ತಂದಿತು. ಉದ್ದೇಶ ಒಳ್ಳೆಯದೇ.

ಆದರೆ ಲೆಕ್ಕ ಕೇಳಿದರೆ ಲೆಕ್ಕ ಸಿಗುತ್ತದೆ. ಅನೇಕ ಕಡೆ ಮೆಂಟರ್ ಎಂದರೆ ಒಂದು ಫೈಲು. ವಿದ್ಯಾರ್ಥಿಯ ಫೋಟೊ, ರಕ್ತದ ಗುಂಪು, ತಂದೆಯ ಫೋನ್ ನಂಬರು, ಸಹಿ. ಪರಿಶೀಲನಾ ತಂಡ ಬರುವ ವಾರ ಎಲ್ಲ ಹಾಳೆಗಳೂ ತುಂಬುತ್ತವೆ. ಫೈಲಿನಲ್ಲಿ ಹೆಸರಿದ್ದ ಮಾತ್ರಕ್ಕೆ ಹುಡುಗನ ಪರಿಚಯ ಆಯಿತೆಂದು ಹೇಳಲಾಗದು.

ಅಧ್ಯಾಪಕರನ್ನೇ ದೂರುವುದೂ ನ್ಯಾಯವಲ್ಲ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗ ನಡೆಯುವುದು ಅತಿಥಿ ಉಪನ್ಯಾಸಕರಿಂದ. ವರ್ಷದಿಂದ ವರ್ಷಕ್ಕೆ ನೇಮಕ, ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇವೋ ಇಲ್ಲವೋ ಎಂಬ ಆತಂಕ. ಮೂರು ವರ್ಷ ಒಬ್ಬ ವಿದ್ಯಾರ್ಥಿಯ ಬೆನ್ನ ಹಿಂದೆ ನಿಲ್ಲಬೇಕಾದವರಿಗೆ ತಮ್ಮ ಬೆನ್ನ ಹಿಂದೆಯೇ ಯಾರೂ ಇಲ್ಲ. ರಾಸಾಯನಿಕ ಕ್ರಿಯೆಯಲ್ಲಿ ವೇಗವರ್ಧಕ ಎಂಬುದೊಂದಿದೆ. ಅದು ಕ್ರಿಯೆಯನ್ನು ಚುರುಕುಗೊಳಿಸುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ. ಮೇಷ್ಟರು ಹಾಗಲ್ಲ. ಅವರ ಹೊತ್ತು, ಮನಸ್ಸು ಎರಡೂ ಖರ್ಚಾಗುತ್ತವೆ. ಮಾರ್ಗದರ್ಶನದ ಗಂಟೆಗಳನ್ನು ಪಾಠದ ಗಂಟೆಗಳಂತೆಯೇ ಕಾರ್ಯಭಾರದಲ್ಲಿ ಸೇರಿಸದಿದ್ದರೆ ಆ ಕೆಲಸ ಒಬ್ಬಿಬ್ಬರು ಒಳ್ಳೆಯವರ ಹೆಗಲಿಗೇ ಬೀಳುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ನನ್ನ ಬಾಗಿಲು ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ಬರಬಹುದು ಎಂದು ಬಹಳ ಅಧ್ಯಾಪಕರು ಮನಃಪೂರ್ವಕವಾಗಿ ಹೇಳುತ್ತಾರೆ. ಬರುವವರು ಯಾರು? ಮನೆಯಲ್ಲಿ ಓದಿದವರಿರುವ, ಸಾರ್ ಒಂದು ನಿಮಿಷ ಎಂದು ಒಳಗೆ ಕಾಲಿಡುವ ಧೈರ್ಯವಿರುವ ಮಕ್ಕಳು. ಸ್ಟಾಫ್ ರೂಮಿನ ಬಾಗಿಲ ಬಳಿ ಎರಡು ಸಲ ಸುಳಿದು ಹಿಂದಿರುಗುವ ಹುಡುಗನಿಗೆ ಆ ತೆರೆದ ಬಾಗಿಲೂ ಮುಚ್ಚಿದಂತೆಯೇ. ಹಾಗಾಗಿ ಕೇಳಿದವರಿಗೆಲ್ಲ ಸಹಾಯ ಎಂಬ ನಿಯಮ ನೋಡಲು ಸಮಾನ. ನಡೆಯುವುದು ಮಾತ್ರ ಇದ್ದವರ ಕಡೆಗೇ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸಿದರೆ ಲೆಕ್ಕ ಸರಿಹೋಗಬಹುದು, ಮೈಗೆ ಸರಿಹೋಗುವುದಿಲ್ಲ.

ಜಾತಿಯ ಮಾತನ್ನು ಇಲ್ಲಿ ಬಿಟ್ಟರೆ ಅರ್ಧ ಸತ್ಯ ಬಿಟ್ಟಂತೆ. ದೆಹಲಿಯ ಏಮ್ಸ್ ಸಂಸ್ಥೆಯ ಬಗ್ಗೆ ಸುಖದೇವ ಥೋರಟ್ ಸಮಿತಿ 2007ರಲ್ಲಿ ಕೊಟ್ಟ ವರದಿ, ಪರಿಶಿಷ್ಟ ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ, ತರಗತಿಯಲ್ಲಿ ಅನುಭವಿಸಿದ ಭೇದಭಾವವನ್ನು, ಅಧ್ಯಾಪಕರಿಂದ ತಕ್ಕ ಬೆಂಬಲ ಸಿಗದಿದ್ದುದನ್ನು ದಾಖಲಿಸಿತು. 2012ರಲ್ಲಿ ಯುಜಿಸಿ ಪ್ರತಿ ಕಾಲೇಜಿನಲ್ಲೂ ಸಮಾನ ಅವಕಾಶ ಕೋಶ ಇರಬೇಕೆಂದು ನಿಯಮ ಮಾಡಿತು. ಕೋಶದ ಹೆಸರು ಗೋಡೆಯ ಮೇಲಿದ್ದರೆ ಸಾಲದು. ಯಾವ ಕೋಟಾದಲ್ಲಿ ಬಂದೆ ಎಂದು ತರಗತಿಯಲ್ಲಿ ಎಲ್ಲರೆದುರು ಕೇಳುವ ಅಧ್ಯಾಪಕರು ಮೆಂಟರ್ ಆದರೆ ಆ ವಿದ್ಯಾರ್ಥಿ ಅವರ ಬಳಿ ಸುಳಿಯುವನೇ?

ಮನೆಗೇ ಹೋಗುವವರು

ಹುಡುಕಿಕೊಂಡು ಹೋಗುವ ಕೆಲಸ ಹೇಗಿರುತ್ತದೆಂದು ತಿಳಿಯಲು ಉಡುಪಿಯತ್ತ ನೋಡಬಹುದು. ಅಲ್ಲಿನ ಯಕ್ಷಗಾನ ಕಲಾರಂಗ ‘ವಿದ್ಯಾಪೋಷಕ್’ ಎಂಬ ಯೋಜನೆಯಡಿ ಬಡ ಪ್ರತಿಭಾವಂತ ವಿದ್ಯಾರ್ಥಿಗಳಿಗೆ ನೆರವು ನೀಡುತ್ತದೆ. ಅರ್ಜಿ ಹಾಕಿದವರ ಮನೆಗೆ ಕಾರ್ಯಕರ್ತರೇ ಹೋಗುತ್ತಾರೆ. ಅರ್ಜಿಯಲ್ಲಿ ಕಾಣದ ಸೋರುವ ಮಾಡು, ವಿದ್ಯುತ್ತಿಲ್ಲದ ಕೋಣೆ ಅಲ್ಲಿ ಕಾಣುತ್ತವೆ. ಓದಿಗೆ ಹಣ ಕೊಡಲು ಹೋದವರು ಮನೆಯನ್ನೇ ಕಟ್ಟಿಕೊಟ್ಟ ಉದಾಹರಣೆಗಳು ಬಹಳ ಇವೆ. ಯಕ್ಷಗಾನದ ಪ್ರೀತಿಯಿಂದ ಹುಟ್ಟಿದ ಸಂಸ್ಥೆಯೊಂದು ಮಾಡುತ್ತಿರುವುದು ಇದು. ಧಾರವಾಡದಲ್ಲೂ ಇದೇ ಹೆಸರಿನ ಬೇರೊಂದು ಸಂಸ್ಥೆ ಉತ್ತರ ಕರ್ನಾಟಕದ ವಿದ್ಯಾರ್ಥಿಗಳಿಗೆ ಹಣದೊಂದಿಗೆ ಮಾರ್ಗದರ್ಶನವನ್ನೂ ಕೊಡುತ್ತ ಬಂದಿದೆ.

ನಮ್ಮ ಪಶ್ಚಿಮ ಬೆಂಗಳೂರಿನಲ್ಲೇ ಒಂದು ಪಾಠಶಾಲೆ ತಾನಾಗಿ ಬೆಳೆದಿದೆ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಳಿಗ್ಗೆ ಹೋದವರಿಗೆ ಅದು ಗೊತ್ತು. ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿ ಕಡೆಯಿಂದ ಬಂದು ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್‌ಗಳ ಪಿಜಿಗಳಲ್ಲಿ ಇದ್ದುಕೊಂಡು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಿಗೆ ಓದುವ ಯುವಕ ಯುವತಿಯರು ಅಲ್ಲಿ ಸೇರುತ್ತಾರೆ. ಹೊರಗೆ ಚಹಾ ಕುಡಿಯುತ್ತ ಒಬ್ಬ ಸಂವಿಧಾನದ ವಿಧಿಗಳನ್ನು ಕೇಳುತ್ತಾನೆ, ಇನ್ನೊಬ್ಬಳು ಹೇಳುತ್ತಾಳೆ, ಮೂರನೆಯವನು ತಿದ್ದುತ್ತಾನೆ. ಬರ್ಕ್ಲಿಯಲ್ಲಿ ಟ್ರೈಸ್‌ಮನ್ ಕಂಡದ್ದು ಇದನ್ನೇ. ಪದವಿ ಮುಗಿದ ಮೇಲೆ ಗೆಳೆಯರ ಗುಂಪಿನಲ್ಲಿ ಕಲಿಯುವ ಈ ಮಕ್ಕಳಿಗೆ ಪದವಿಯ ಮೊದಲ ವರ್ಷದಲ್ಲೇ ಅಂಥ ಗುಂಪು ಸಿಕ್ಕಿದ್ದರೆ?

ಮಾಡಲಾಗದ ಕೆಲಸವೇನಲ್ಲ

ಇದಕ್ಕೆಲ್ಲ ಹೊಸ ಇಲಾಖೆಯೇನೂ ಬೇಕಿಲ್ಲ. ಮೊದಲ ಮೂರು ವಾರಗಳ ಹಾಜರಿಯನ್ನು ಸೆಮಿಸ್ಟರಿನ ಕೊನೆಗಲ್ಲ, ನಾಲ್ಕನೆಯ ವಾರದ ಸೋಮವಾರವೇ ನೋಡಬಹುದು. ಮೂರು ದಿನ ಬಾರದವನಿಗೆ ಫೋನು ಮಾಡಬಹುದು; ಗದರಲು ಅಲ್ಲ, ಕೇಳಲು. ಪ್ರವೇಶದ ದಿನವೇ ಕನ್ನಡ ಮಾಧ್ಯಮದವರು ಯಾರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿಗೆ ಬಂದವರು ಯಾರು ಎಂಬ ಪಟ್ಟಿ ಮಾಡಿಟ್ಟುಕೊಂಡು, ಅದನ್ನು ತರಗತಿಯಲ್ಲಿ ಓದಿ ಹೇಳದೆ, ಒಬ್ಬೊಬ್ಬ ಅಧ್ಯಾಪಕರಿಗೆ ಹದಿನೈದಿಪ್ಪತ್ತು ಮಂದಿಯನ್ನು ಒಪ್ಪಿಸಬಹುದು. ವಿದ್ಯಾರ್ಥಿವೇತನದ ಅರ್ಜಿ ತುಂಬಲು ವಾರಕ್ಕೊಂದು ಮಧ್ಯಾಹ್ನ ಕಾಲೇಜಿನ ಕಂಪ್ಯೂಟರ್ ಕೋಣೆಯನ್ನು ತೆರೆದಿಡಬಹುದು. ಅರ್ಜಿ ತುಂಬಿ ಅನುಭವವಿರುವ ಕೊನೆಯ ವರ್ಷದ ಹುಡುಗರೇ ಅದಕ್ಕೆ ಸಾಕು. ಪರೀಕ್ಷಾ ಶುಲ್ಕಕ್ಕೆ ಕೈಗಡವಾಗಿ ಕೊಡಲು ಹಳೆಯ ವಿದ್ಯಾರ್ಥಿಗಳ ಸಂಘ ಒಂದು ಸಣ್ಣ ನಿಧಿ ಇಡಬಹುದು. ವಿಶೇಷ ತರಗತಿಯನ್ನು ಹಿಂದುಳಿದವರಿಗೆಂದು ಕರೆಯದೆ, ಗುಂಪಿನಲ್ಲಿ ಕಠಿಣ ಲೆಕ್ಕ ಬಿಡಿಸುವ ತರಗತಿಯೆಂದು ಕರೆಯಬಹುದು.

ನಿವೃತ್ತರಿಗೂ ಇಲ್ಲಿ ಕೆಲಸವಿದೆ. ಬಸವೇಶ್ವರನಗರ, ರಾಜಾಜಿನಗರಗಳ ಉದ್ಯಾನಗಳಲ್ಲಿ ಸಂಜೆ ವಾಕಿಂಗ್ ಮಾಡುವವರಲ್ಲಿ ಬ್ಯಾಂಕು, ಕಾರ್ಖಾನೆ, ಶಾಲೆಗಳಲ್ಲಿ ಮೂವತ್ತು ವರ್ಷ ದುಡಿದು ಬಂದವರು ಎಷ್ಟೋ ಮಂದಿ. ವಾರಾನ್ನದ ಕಾಲದ ಆ ವಿಚಾರಣೆಯನ್ನು, ಈ ಸಲ ಜಾತಿಯ ಹೊಸಿಲಿಲ್ಲದೆ, ಮತ್ತೆ ಶುರುಮಾಡಲು ಅವರಿಗೇನು ಅಡ್ಡಿ? ವಾರಕ್ಕೊಂದು ಗಂಟೆ, ಒಬ್ಬ ವಿದ್ಯಾರ್ಥಿ ಸಾಕು.

ಸರ್ಕಾರ ಮಾಡಬೇಕಾದದ್ದು ಸರ್ಕಾರವೇ ಮಾಡಬೇಕು. ಖಾಲಿ ಹುದ್ದೆಗಳಿಗೆ ಖಾಯಂ ಅಧ್ಯಾಪಕರು, ಹಾಸ್ಟೆಲುಗಳಲ್ಲಿ ಸಾಕಷ್ಟು ಜಾಗ, ವರ್ಷದ ಆರಂಭದಲ್ಲೇ ಕೈಸೇರುವ ವಿದ್ಯಾರ್ಥಿವೇತನ ಇವಕ್ಕೆ ಬದಲಿಯಾಗಿ ಯಾರ ಒಳ್ಳೆಯತನವನ್ನೂ ತೋರಿಸಲಾಗದು. ಮೆಂಟರ್ ಇದ್ದಾರೆಂದು ವೇತನ ತಡಮಾಡುವುದು ಎಷ್ಟು ತಪ್ಪೋ, ವೇತನ ಕೊಟ್ಟೆವಲ್ಲ ಎಂದು ಮಗುವಿನ ಮುಖ ನೋಡದಿರುವುದೂ ಅಷ್ಟೇ ತಪ್ಪು.

ಮುಂದಿನ ಜುಲೈನಲ್ಲಿ ಮತ್ತೆ ಸಾಲುಗಳು ನಿಲ್ಲುತ್ತವೆ. ಎಷ್ಟು ಮಂದಿಗೆ ಸೀಟು ಸಿಕ್ಕಿತೆಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಮೂರು ವರ್ಷದ ನಂತರ ಅವರಲ್ಲಿ ಎಷ್ಟು ಮಂದಿ ಪದವಿ ಪಡೆದರು, ಪಡೆಯದವರು ಯಾವ ವಾರದಲ್ಲಿ ಬರುವುದನ್ನು ಬಿಟ್ಟರು, ಆ ವಾರ ಅವರನ್ನು ಯಾರು ಮಾತನಾಡಿಸಿದರು ಎಂಬ ಲೆಕ್ಕವನ್ನೂ ಪ್ರತಿ ಕಾಲೇಜು ಪ್ರಾಮಾಣಿಕವಾಗಿ ಹಾಕಿಕೊಂಡರೆ, ಉಳಿದ ದಾರಿ ತಾನಾಗಿ ಕಾಣುತ್ತದೆ.